ಮೋಟರ್‌ಹೋಮ್‌ಗೆ ಸರ್ಜ್ ಪ್ರೊಟೆಕ್ಟರ್: ಆರಿಸುವುದು, ಅಳವಡಿಸುವುದು, ಎಡವುವ ಜಾಗಗಳು

"ಸರ್ಜ್ ಪ್ರೊಟೆಕ್ಟರ್ ಹಾಕಿದ್ದೆ, ಆದರೂ ಎಸಿ ಸುಟ್ಟುಹೋಯಿತು." ಈ ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ಏನಾಯಿತು ಅಂತ ಬಿಡಿಸಿ ಕೇಳಿದರೆ ಸಿಗುವುದು ಹೆಚ್ಚುಕಡಿಮೆ ಮೂರೇ ತಪ್ಪು. ಒಂದು, ಕೊಂಡದ್ದೇ ಬೇರೆ ಜಾತಿಯ ಸಾಧನ. ಎರಡು, ಸಾಕೆಟ್ ಸರಿಯಿದೆಯಾ ಅಂತ ನೋಡದೆ ನೇರವಾಗಿ ಗಾಡಿಗೆ ಕರೆಂಟ್ ಕೊಟ್ಟಿರುತ್ತಾರೆ. ಮೂರು, ಸಾಧನ ಎರರ್ ತೋರಿಸಿದಾಗ "ಇದೇ ಕೆಟ್ಟಿದೆ" ಅಂತ ಅದನ್ನು ಕಿತ್ತು ಪಕ್ಕಕ್ಕಿಟ್ಟಿರುತ್ತಾರೆ, ಇಲ್ಲವೇ ಅದರ ಕಾವಲು ತಪ್ಪಿಸಿ ಕರೆಂಟ್ ಒಳಗೆ ಬಿಟ್ಟಿರುತ್ತಾರೆ. ಮೂರನೆಯದು ನಾನೂ ಮಾಡಿದ್ದೇನೆ. ಅದರ ಕಥೆ ಮುಂದೆ ಬರುತ್ತದೆ.

ಇಲ್ಲಿರುವ ಸಂಖ್ಯೆಗಳೆಲ್ಲ ಅಮೆರಿಕ ಮತ್ತು ಕೆನಡಾದ 120 ವೋಲ್ಟ್, 60 ಹರ್ಟ್ಸ್ ವ್ಯವಸ್ಥೆಗೆ ಸೇರಿದವು. ಯುರೋಪಿನ 230 ವೋಲ್ಟ್ ಗಾಡಿಗಳಿಗೆ, ಅಲ್ಲಿನ ನೀಲಿ ಪ್ಲಗ್‌ಗಳಿಗೆ ಇವು ಹೊಂದುವುದಿಲ್ಲ. ಇನ್ನೊಂದು ಮಾತು: ನಾವು ಫೇಸ್, ಅರ್ಥಿಂಗ್ ಎನ್ನುವುದನ್ನು ಅಲ್ಲಿ ಹಾಟ್, ಗ್ರೌಂಡ್ ಎನ್ನುತ್ತಾರೆ. ಸಾಧನದ ಮೇಲೆ ಅದೇ ಬರೆದಿರುವುದರಿಂದ ನಾನೂ ಅದನ್ನೇ ಬಳಸುತ್ತೇನೆ. ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿ ನಿಲ್ಲಿಸುವ ಜಾಗದ ಪಕ್ಕ ಒಂದು ಕರೆಂಟ್ ಪೆಟ್ಟಿಗೆ ಇರುತ್ತದಲ್ಲ, ಅದೇ ಪೆಡೆಸ್ಟಲ್.

ಹಂತ 1: ಯಾವುದರಿಂದ ಕಾಪಾಡಬೇಕು ಅಂತ ಮೊದಲು ತಿಳಿದುಕೊಳ್ಳಿ

ಸರ್ಜ್ ಎಂದರೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಬಂದು ಹೋಗುವ ವೋಲ್ಟೇಜ್ ಏರಿಕೆ. ಹತ್ತಿರ ಸಿಡಿಲು ಬಿದ್ದಾಗ, ಲೈನ್‌ನಲ್ಲಿ ದೊಡ್ಡ ಮೋಟರ್ ಆಫ್ ಆದಾಗ, ಹೋಗಿದ್ದ ಕರೆಂಟ್ ವಾಪಸ್ ಬಂದಾಗ ಇದು ಬರುತ್ತದೆ. ಸಾಧನದ ಒಳಗಿರುವ ವೇರಿಸ್ಟರ್ ಎಂಬ ಭಾಗ ಆ ಹೆಚ್ಚುವರಿ ಶಕ್ತಿಯನ್ನು ತಾನು ನುಂಗಿ ಪಕ್ಕಕ್ಕೆ ತಿರುಗಿಸುತ್ತದೆ. ಜೌಲ್ ಲೆಕ್ಕದಲ್ಲಿ ಡಬ್ಬದ ಮೇಲೆ ಬರೆದಿರುವುದು ಈ ನುಂಗುವ ತಾಕತ್ತನ್ನು.

ಆದರೆ ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿಯ ಸಾಮಾನು ಹಾಳುಮಾಡುವುದು ಬರೀ ಸರ್ಜ್ ಅಲ್ಲ. ಈ ನಾಲ್ಕನ್ನು ನೋಡಿ.

ಲೋ ವೋಲ್ಟೇಜ್. ಬಿಸಿಲ ಮಧ್ಯಾಹ್ನ ಎಲ್ಲ ಗಾಡಿಗಳ ಎಸಿ ಒಟ್ಟಿಗೆ ಓಡುವಾಗ, ಲೈನಿನ ಕೊನೆಯಲ್ಲಿರುವ ಪೆಡೆಸ್ಟಲ್‌ನಲ್ಲಿ ವೋಲ್ಟೇಜ್ ಇಳಿಯುತ್ತದೆ. ಬಲ್ಬ್ ಆದರೆ ಸ್ವಲ್ಪ ಮಂಕಾಗಿ ಸುಮ್ಮನಾಗುತ್ತದೆ. ಎಸಿ ಕಂಪ್ರೆಸರ್ ಹಾಗಲ್ಲ. ವೋಲ್ಟೇಜ್ ಕಡಿಮೆಯಾದಷ್ಟೂ ಅದು ಜಾಸ್ತಿ ಆಂಪಿಯರ್ ಎಳೆಯುತ್ತದೆ, ವೈಂಡಿಂಗ್ ಕಾಯುತ್ತದೆ. ಒಂದೇ ದಿನಕ್ಕೆ ಸಾಯದೆ ಇರಬಹುದು. ಅದಕ್ಕೇ ಎರಡು ತಿಂಗಳ ನಂತರ ಸತ್ತಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

30 ಆಂಪಿಯರ್ ಸಾಕೆಟ್‌ನಲ್ಲಿ 240 ವೋಲ್ಟ್. ಗಾಡಿಯ 30 ಆಂಪಿಯರ್ ಸಾಕೆಟ್ 120 ವೋಲ್ಟ್‌ನದ್ದು. ಆದರೆ ಮನೆಗಳ ಹಳೆಯ ಡ್ರೈಯರ್ ಸಾಕೆಟ್ ಕೂಡ 30 ಆಂಪಿಯರ್, ಮೂರು ತೂತು, ಮತ್ತು 240 ವೋಲ್ಟ್. ಗಾಡಿಗಳ ಪರಿಚಯವಿಲ್ಲದ ಎಲೆಕ್ಟ್ರಿಷಿಯನ್ ಇದನ್ನೂ ಅದೇ ಅಂತ ತಿಳಿದು ವೈರಿಂಗ್ ಮಾಡಿಬಿಡುತ್ತಾರೆ. ಮನೆಯ ಅಂಗಳದಲ್ಲಿ ಹೊಸದಾಗಿ ಹಾಕಿಸಿದ ಸಾಕೆಟ್‌ಗಳಲ್ಲಿ ಈ ತಪ್ಪು ಹೆಚ್ಚು.

50 ಆಂಪಿಯರ್ ಸಾಕೆಟ್‌ನಲ್ಲಿ ನ್ಯೂಟ್ರಲ್ ಕಿತ್ತುಹೋಗುವುದು. ಇದು ಎಲ್ಲಕ್ಕಿಂತ ಕೆಟ್ಟದ್ದು. ಈ ಸಾಕೆಟ್‌ನಲ್ಲಿ ಎರಡು ಹಾಟ್ ವೈರುಗಳಿವೆ. ನ್ಯೂಟ್ರಲ್ ಲೆಕ್ಕಕ್ಕೆ ಒಂದೊಂದೂ 120 ವೋಲ್ಟ್, ಪರಸ್ಪರ 240. ನ್ಯೂಟ್ರಲ್ ಕಡಿದರೆ ಗಾಡಿಯ ಎರಡೂ ಬದಿಯ ಲೋಡ್‌ಗಳು ಒಂದರ ಹಿಂದೆ ಒಂದಾಗಿ 240 ವೋಲ್ಟ್‌ಗೆ ಸಿಕ್ಕಿಕೊಳ್ಳುತ್ತವೆ. ಒಂದು ಬದಿ ಎಸಿ, ಇನ್ನೊಂದು ಬದಿ ಬರೀ ಟಿವಿ ಇದ್ದರೆ ಟಿವಿ ಬದಿಯ ವೋಲ್ಟೇಜ್ 200 ದಾಟಬಹುದು. ತಂತಿ ಕಡಿದಿರಲೇಬೇಕು ಅಂತಿಲ್ಲ, ಒಂದು ಲೂಸ್ ಸ್ಕ್ರೂ ಸಾಕು.

ಗ್ರೌಂಡ್ ಇಲ್ಲದಿರುವುದು, ಹಾಟ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದು. ಇಲ್ಲಿ ಅಪಾಯ ಸಾಮಾನಿಗಿಂತ ಮನುಷ್ಯರಿಗೆ. ಗಾಡಿಯ ಲೋಹದ ಮೈಗೆ ಕರೆಂಟ್ ಬಂದು, ಒದ್ದೆ ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿದವರಿಗೆ ಹೊಡೆಯಬಹುದು.

ಬರೀ ಸರ್ಜ್ ಪ್ರೊಟೆಕ್ಟರ್ ಈ ನಾಲ್ಕರಲ್ಲಿ ಒಂದನ್ನೂ ತಡೆಯುವುದಿಲ್ಲ. ಕೆಲವದರಲ್ಲಿ ತಪ್ಪು ವೈರಿಂಗ್ ತೋರಿಸುವ ಲೈಟ್ ಇರುತ್ತದೆ, ಆದರೆ ಲೈಟ್ ತೋರಿಸುತ್ತಲೇ ಕರೆಂಟನ್ನು ಒಳಗೆ ಬಿಡುತ್ತಿರುತ್ತದೆ. ತಪ್ಪು ಕಂಡ ತಕ್ಷಣ ಕರೆಂಟ್ ಕಡಿಯುವ ಸಾಧನ ಬೇರೆ. ಅದಕ್ಕೆ ಇಎಂಎಸ್ ಎನ್ನುತ್ತಾರೆ. ಸರ್ಜ್ ತಡೆಯುವ ಕೆಲಸವನ್ನೂ ಅದು ಮಾಡುತ್ತದೆ. ನಿಮಗೆ ಬೇಕಾದದ್ದು ಇದು.

ಹಂತ 2: ಆರಿಸುವುದು

ನಿಮ್ಮ ಗಾಡಿಯ ಕೇಬಲ್ ತುದಿ ನೋಡಿ. ಮೂರು ಪಿನ್ ಇದ್ದರೆ 30 ಆಂಪಿಯರ್, ನಾಲ್ಕು ಪಿನ್ ಇದ್ದರೆ 50. ಆಯ್ಕೆಯ ಮೊದಲ ಪ್ರಶ್ನೆ ಅಲ್ಲಿಗೆ ಮುಗಿಯಿತು. ಪೆಡೆಸ್ಟಲ್‌ನಲ್ಲಿ ಏನಿರುತ್ತದೆ ಅಂತ ಊಹಿಸಿ ಕೊಳ್ಳಬೇಡಿ, ಗಾಡಿಗೆ ತಕ್ಕಂತೆ ಕೊಳ್ಳಿ. ಅಂದಹಾಗೆ 50 ಆಂಪಿಯರ್ ಎಂದರೆ 30ಕ್ಕಿಂತ 20 ಜಾಸ್ತಿ ಅಷ್ಟೇ ಅಲ್ಲ. 30ರಲ್ಲಿ ಸಿಗುವುದು 3,600 ವಾಟ್. 50ರಲ್ಲಿ ಎರಡು ಬದಿ ಸೇರಿ 12,000 ವಾಟ್.

ಮುಂದಿನ ಪ್ರಶ್ನೆ: ಕೈಯಲ್ಲಿ ಹಿಡಿದು ಪೆಡೆಸ್ಟಲ್‌ಗೆ ಸಿಕ್ಕಿಸುವ ಪೋರ್ಟಬಲ್ ಬೇಕೋ, ಗಾಡಿಯೊಳಗೆ ವೈರಿಂಗ್ ಮಾಡುವ ಹಾರ್ಡ್‌ವೈರ್ ಬೇಕೋ?

ಪೋರ್ಟಬಲ್‌ಗೆ ವೈರಿಂಗ್ ಕೆಲಸವಿಲ್ಲ, ಗಾಡಿ ಬದಲಾದರೆ ಜೊತೆಗೆ ಒಯ್ಯಬಹುದು. ಗಾಡಿಯ ಕೇಬಲ್ ಜೋಡಿಸುವ ಮೊದಲೇ ಪೆಡೆಸ್ಟಲ್ ಪರೀಕ್ಷೆ ಮಾಡಬಹುದು. ತೊಂದರೆ ಎಂದರೆ ಮಳೆ, ಕಳ್ಳತನ, ಮತ್ತು ಸಾಕೆಟ್ ಮೇಲೆ ಜೋತಾಡುವ ಭಾರ. ಹಾರ್ಡ್‌ವೈರ್ ಮರೆತುಹೋಗುವುದಿಲ್ಲ, ಕದಿಯಲಾಗುವುದಿಲ್ಲ, ಒಳಗೆ ಕುಳಿತೇ ಡಿಸ್‌ಪ್ಲೇ ಓದಬಹುದು. ಆದರೆ ಕೇಬಲ್ ಕತ್ತರಿಸಬೇಕು. ಹೊಸಬರು ಮೊದಲು ಪೋರ್ಟಬಲ್ ತಗೊಳ್ಳಲಿ ಅನ್ನುವುದು ನನ್ನ ಅಭಿಪ್ರಾಯ. ಒಂದು ವರ್ಷ ಓಡಾಡಿದ ಮೇಲೆ ಪ್ರತಿಸಲ ಅದನ್ನು ಸಿಕ್ಕಿಸುವುದು ಬೇಸರವಾದರೆ ಆಗ ಹಾರ್ಡ್‌ವೈರ್ ನೋಡಬಹುದು.

ಕೊಳ್ಳುವಾಗ ಡಬ್ಬದ ಮುಂಭಾಗ ಬಿಟ್ಟು ಹಿಂಭಾಗ ಓದಿ. ಪ್ರೋಗ್ರೆಸಿವ್ ಇಂಡಸ್ಟ್ರೀಸ್, ಹ್ಯೂಸ್, ಸೌತ್‌ವೈರ್‌ನವರ ಸರ್ಜ್ ಗಾರ್ಡ್ ಹೆಸರುಗಳು ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ. ಒಂದೇ ಕಂಪನಿಯಲ್ಲೂ ಮಾಡೆಲ್‌ನಿಂದ ಮಾಡೆಲ್‌ಗೆ ರಕ್ಷಣೆ ಬೇರೆ ಇರುತ್ತದೆ, ಹೊರಗಿನ ನೋಟ ನೋಡಿ ತೀರ್ಮಾನಿಸಬೇಡಿ. ಇವು ಇವೆಯಾ ನೋಡಿ:

- ವೋಲ್ಟೇಜ್ ಸುಮಾರು 102ರಿಂದ 104ಕ್ಕೆ ಇಳಿದಾಗ, 132ಕ್ಕೆ ಏರಿದಾಗ ತಾನಾಗಿ ಕಡಿಯಬೇಕು.
- ಗ್ರೌಂಡ್ ಇಲ್ಲದಿದ್ದರೆ, ಪೊಲಾರಿಟಿ (ಅಂದರೆ ಹಾಟ್ ಮತ್ತು ನ್ಯೂಟ್ರಲ್) ಅದಲುಬದಲಾದರೆ, ನ್ಯೂಟ್ರಲ್ ಕಡಿದರೆ ಕರೆಂಟ್ ಬಿಡಬಾರದು.
- ಕಡಿದ ಮೇಲೆ ಮತ್ತೆ ಬಿಡುವ ಮೊದಲು ಒಂದೂವರೆ ನಿಮಿಷದಿಂದ ಎರಡು ನಿಮಿಷದಷ್ಟು ಕಾಯಬೇಕು. ಕಂಪ್ರೆಸರ್‌ನ ಒಳಗಿನ ಒತ್ತಡ ಸಮವಾಗಲು ಆ ಸಮಯ ಬೇಕು.
- ಸರ್ಜ್ ನುಂಗುವ ಭಾಗವನ್ನು ಬೇರೆಯಾಗಿ ಬದಲಾಯಿಸುವಂತಿದ್ದರೆ ಒಳ್ಳೆಯದು.
- ಯುಎಲ್ 1449 ಗುರುತು ಇರಲಿ. ಸರ್ಜ್ ತಡೆಯುವ ಸಾಧನಗಳ ಸುರಕ್ಷತೆಯ ಮಾನದಂಡ ಅದು.

ಜೌಲ್ ಜಾಸ್ತಿ ಇದ್ದಷ್ಟೂ ಒಳ್ಳೆಯದೇ. ಆದರೆ ಜೌಲ್ ಒಂದನ್ನೇ ನೋಡಿ ಕೊಳ್ಳುವುದು ಬಣ್ಣ ನೋಡಿ ಗಾಡಿ ಕೊಂಡ ಹಾಗೆ. ನೇರವಾಗಿ ಬಡಿಯುವ ಸಿಡಿಲನ್ನು ಯಾವ ಜೌಲ್ ಕೂಡ ತಡೆಯುವುದಿಲ್ಲ. ಸಿಡಿಲು ಇನ್ನೂ ದೂರವಿರುವಾಗಲೇ ಪ್ಲಗ್ ತೆಗೆಯುವುದೇ ಅದಕ್ಕೆ ದಾರಿ. ಗುಡುಗು ತಲೆಯ ಮೇಲೆ ಬಂದ ನಂತರ ಹೊರಗೆ ಹೋಗಿ ಕೇಬಲ್ ಮುಟ್ಟಬೇಡಿ.

ಓವರ್‌ಲೋಡ್ ಕೂಡ ಇದರ ಕೆಲಸವಲ್ಲ, ಅದು ಬ್ರೇಕರ್‌ನ ಕೆಲಸ. ಒಂದು ಎಸಿ ಸುಮಾರು 13, ಕರೆಂಟ್ ವಾಟರ್ ಹೀಟರ್ 12, ಮೈಕ್ರೋವೇವ್ 12 ಆಂಪಿಯರ್ ಎಳೆಯುತ್ತವೆ. 30ರ ಗಾಡಿಯಲ್ಲಿ ಮೂರನ್ನೂ ಒಟ್ಟಿಗೆ ಹಾಕಿದರೆ ಟ್ರಿಪ್ ಆಗಲೇಬೇಕು ಅಲ್ವಾ?

ಹಂತ 3: ಕೈಯಲ್ಲಿ ಇರಬೇಕಾದ ಸಲಕರಣೆ

ಪೋರ್ಟಬಲ್‌ಗೆ: ಒಂದು ಡಿಜಿಟಲ್ ಮಲ್ಟಿಮೀಟರ್, ಮುಟ್ಟದೆ ಪತ್ತೆ ಹಚ್ಚುವ ವೋಲ್ಟೇಜ್ ಟೆಸ್ಟರ್ ಪೆನ್, ಟಾರ್ಚ್, ಕಳ್ಳರಿಗೆ ಒಂದು ಬೀಗ. ಮೀಟರ್ ಮೇಲೆ ಕ್ಯಾಟ್ 3 (CAT III), 600 ವೋಲ್ಟ್ ಅಂತ ಸುರಕ್ಷತೆಯ ದರ್ಜೆ ಬರೆದಿರಲಿ. ಹೆಸರಿಲ್ಲದ ಅಗ್ಗದ ಮೀಟರ್‌ಗಳನ್ನು ಪೆಡೆಸ್ಟಲ್‌ಗೆ ಹಾಕಬೇಡಿ.

ಹಾರ್ಡ್‌ವೈರ್‌ಗೆ ಇವುಗಳ ಜೊತೆಗೆ ದಪ್ಪ ಕೇಬಲ್ ಕತ್ತರಿಸುವ ಕಟರ್, ಹೊರಗಿನ ಸಿಪ್ಪೆ ಸುಲಿಯುವ ಚಾಕು, ವೈರ್ ಸ್ಟ್ರಿಪ್ಪರ್, ಟಾರ್ಕ್ ಸ್ಕ್ರೂಡ್ರೈವರ್ ಬೇಕು. ಹೆಚ್ಚುವರಿ ಕೇಬಲ್ ಬೇಕಾದರೆ ತಾಮ್ರದ್ದೇ ಇರಲಿ: 30 ಆಂಪಿಯರ್‌ಗೆ 10 ಗೇಜ್, 50ಕ್ಕೆ 6 ಗೇಜ್. ಟಾರ್ಕ್ ಸ್ಕ್ರೂಡ್ರೈವರ್ ಬಗ್ಗೆ "ಅದೆಲ್ಲ ಯಾಕೆ, ಕೈ ಅಂದಾಜಿಗೆ ಟೈಟ್ ಮಾಡುತ್ತೇನೆ" ಎನ್ನುವವರೇ ಜಾಸ್ತಿ. ಆಮೇಲೆ ಟರ್ಮಿನಲ್ ಕರಗಿತು ಎನ್ನುವವರೂ ಅವರೇ.

ಹಂತ 4: ಪೆಡೆಸ್ಟಲ್ ಪರೀಕ್ಷೆ ಮತ್ತು ಪೋರ್ಟಬಲ್ ಜೋಡಿಸುವ ಕ್ರಮ

ಇಲ್ಲಿ ಕ್ರಮವೇ ಮುಖ್ಯ. ಸಾಧನವನ್ನು ಗಾಡಿಗೆ ಜೋಡಿಸುವ ಮೊದಲು ಒಂಟಿಯಾಗಿ ಪೆಡೆಸ್ಟಲ್‌ಗೆ ಹಾಕಿ ನೋಡಬೇಕು.

1. ಗಾಡಿಯೊಳಗೆ ಎಸಿ, ಹೀಟರ್, ಮೈಕ್ರೋವೇವ್ ಎಲ್ಲ ಆಫ್ ಮಾಡಿ. ಲೋಡ್ ಇರುವಾಗ ಪ್ಲಗ್ ಸಿಕ್ಕಿಸಿದರೆ ಕಿಡಿ ಹಾರಿ ಪಿನ್ ಸುಡುತ್ತದೆ.

2. ಟೆಸ್ಟರ್ ಪೆನ್ನನ್ನು ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಹಿಡಿದು ಅದು ಕೂಗುತ್ತದೆ ಅಂತ ಖಚಿತ ಮಾಡಿಕೊಳ್ಳಿ. ನಂತರ ಪೆಡೆಸ್ಟಲ್‌ನ ಲೋಹದ ಪೆಟ್ಟಿಗೆಯ ಹತ್ತಿರ ಹಿಡಿಯಿರಿ. ಅಲ್ಲಿ ಕೂಗಿದರೆ ಮುಟ್ಟಬೇಡಿ, ಹೋಗಿ ಆಫೀಸಿಗೆ ಹೇಳಿ.

3. ಪೆಡೆಸ್ಟಲ್‌ನ ಬ್ರೇಕರ್ ಆಫ್ ಮಾಡಿ. ಸಾಕೆಟ್ ನೋಡಿ. ಕಪ್ಪಾಗಿದೆಯಾ, ಪ್ಲಾಸ್ಟಿಕ್ ಕರಗಿದೆಯಾ, ಸಾಕೆಟ್ ಅಲ್ಲಾಡುತ್ತಿದೆಯಾ, ಒಳಗೆ ಇರುವೆ ಗೂಡು ಕಟ್ಟಿದೆಯಾ? ಪ್ಲಗ್ ಬಿಗಿಯಾಗಿ ಕೂರಬೇಕು. ಬೆರಳ ತುದಿಯಲ್ಲಿ ಎಳೆದರೆ ಬರುವಷ್ಟು ಸಡಿಲವಾಗಿದ್ದರೆ ಬೇರೆ ಜಾಗ ಕೇಳಿ.

4. ಸಾಧನವೊಂದನ್ನೇ ಸಿಕ್ಕಿಸಿ. ಅದರ ಇನ್ನೊಂದು ತುದಿ ಖಾಲಿ ಇರಲಿ.

5. ಬ್ರೇಕರ್ ಆನ್ ಮಾಡಿ, ಕಾಯಿರಿ. ಡಿಸ್‌ಪ್ಲೇ ಓದಿ. ಎರಡು ನಿಮಿಷ ಏನೂ ಆಗದಿದ್ದರೆ ಗಾಬರಿ ಬೇಡ, ಕಾಯುವ ಸಮಯ ಅದು. ನಂತರ ಒಳಗೆ "ಟಕ್" ಅಂತ ರಿಲೇ (ಕರೆಂಟ್ ಬಿಡುವ, ಕಡಿಯುವ ಸ್ವಿಚ್) ಸದ್ದು ಬರುತ್ತದೆ.

6. ಎಲ್ಲ ಸರಿ ಅಂತ ತೋರಿಸಿದರೆ ಬ್ರೇಕರ್ ಮತ್ತೆ ಆಫ್ ಮಾಡಿ. ಕೇಬಲ್‌ನ ಗಾಡಿ ಬದಿಯನ್ನು ಮೊದಲು ಜೋಡಿಸಿ, ತಿರುಗಿಸಿ ಲಾಕ್ ಮಾಡಿ. ಆಮೇಲೆ ಇನ್ನೊಂದು ತುದಿಯನ್ನು ಸಾಧನಕ್ಕೆ ಹಾಕಿ.

7. ಬ್ರೇಕರ್ ಆನ್ ಮಾಡಿ. ರಿಲೇ ಸದ್ದು ಬಂದ ಮೇಲೆ ಒಳಗಿನ ಸಾಮಾನುಗಳನ್ನು ಒಂದೊಂದಾಗಿ ಹಾಕಿ.

8. ಎಸಿ ಶುರುವಾದ ಮೇಲೆ ಮತ್ತೊಮ್ಮೆ ವೋಲ್ಟೇಜ್ ನೋಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಲೋಡ್ ಇಲ್ಲದಾಗ ತುಕ್ಕು ಹಿಡಿದ ಜೋಡಣೆಯೂ 120 ತೋರಿಸುತ್ತದೆ. ಬಂಡವಾಳ ಬಯಲಾಗುವುದು ಲೋಡ್ ಬಿದ್ದಾಗ. 118 ಇದ್ದದ್ದು 115ಕ್ಕೆ ಇಳಿದರೆ ಪರವಾಗಿಲ್ಲ. 118 ಇದ್ದದ್ದು ಒಂದೇ ಎಸಿಗೆ 107 ಆದರೆ ಎಲ್ಲೋ ಲೂಸ್ ಕನೆಕ್ಷನ್ ಇದೆ, ಅಥವಾ ಲೈನ್ ತುಂಬ ದೂರದಿಂದ ಬಂದಿದೆ. ಸಾಧನ ಕಡಿಯುವುದು 104ಕ್ಕೇ ಇರಬಹುದು, ನಾನಂತೂ 108ಕ್ಕಿಂತ ಕೆಳಗೆ ಎಸಿ ಓಡಿಸುವುದಿಲ್ಲ.

9. ಅರ್ಧ ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಬ್ರೇಕರ್ ಆಫ್ ಮಾಡಿ.

ಮೀಟರ್‌ನಿಂದಲೇ ಅಳೆಯುವವರಿಗೆ: 30ರ ಸಾಕೆಟ್‌ನಲ್ಲಿ ದುಂಡನೆಯ ತೂತು ಗ್ರೌಂಡ್. ಉಳಿದ ಎರಡರ ನಡುವೆ ಸುಮಾರು 120 ಬರಬೇಕು. ಅವುಗಳಲ್ಲಿ ಒಂದಕ್ಕೂ ಗ್ರೌಂಡ್‌ಗೂ 120, ಇನ್ನೊಂದಕ್ಕೂ ಗ್ರೌಂಡ್‌ಗೂ ಸೊನ್ನೆಯ ಹತ್ತಿರ. 240 ಕಂಡರೆ ಅಲ್ಲಿಗೇ ನಿಲ್ಲಿಸಿ. 50ರ ಸಾಕೆಟ್‌ನಲ್ಲಿ ಎರಡು ಹಾಟ್‌ಗಳ ನಡುವೆ 240, ಒಂದೊಂದಕ್ಕೂ ನ್ಯೂಟ್ರಲ್‌ಗೂ 120. ಎರಡೂ 120 ತೋರಿಸಿ ಅವುಗಳ ನಡುವೆ ಸೊನ್ನೆ ಬಂದರೆ ಎರಡಕ್ಕೂ ಒಂದೇ ಲೈನ್ ಕೊಟ್ಟಿದ್ದಾರೆ ಅಂತ ಅರ್ಥ. ಆಗ ಎರಡೂ ಬದಿಯ ಆಂಪಿಯರ್ ನ್ಯೂಟ್ರಲ್‌ನಲ್ಲಿ ಕೂಡಿಕೊಂಡು 50ರ ವೈರ್ ಮೇಲೆ 100ರವರೆಗೂ ಹೋಗಬಹುದು. ಕರೆಂಟ್ ಇರುವ ಸಾಕೆಟ್‌ಗೆ ಪ್ರೋಬ್ ಹಾಕಲು ಧೈರ್ಯವಿಲ್ಲದಿದ್ದರೆ ಬೇಡವೇ ಬೇಡ. ಇಎಂಎಸ್ ಇದರಲ್ಲಿ ಬಹುಪಾಲನ್ನು ತಾನೇ ಹೇಳುತ್ತದೆ.

ಸಾಧನವನ್ನು ನೆಲದ ಮೇಲೆ ನೀರು ನಿಲ್ಲುವ ಕಡೆ ಬಿಡಬೇಡಿ. ಭಾರಕ್ಕೆ ಸಾಕೆಟ್ ಜಗ್ಗುತ್ತಿದ್ದರೆ ಪಟ್ಟಿ ಕಟ್ಟಿ ಪೆಡೆಸ್ಟಲ್‌ಗೆ ತೂಗುಹಾಕಿ. ಮಳೆಗೆ ಅಂತ ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟುವವರಿದ್ದಾರೆ. ಬಿಸಿ ಹೊರಗೆ ಹೋಗುವುದಿಲ್ಲ, ಒಳಗೇ ಬೆವರುತ್ತದೆ. ಹಾಗೆ ಮಾಡಬೇಡಿ.

ಹಂತ 5: ಹಾರ್ಡ್‌ವೈರ್ ಅಳವಡಿಸುವುದು

ಮನೆಯ ಸ್ವಿಚ್‌ಬೋರ್ಡ್ ಕೂಡ ಬಿಚ್ಚಿ ಅಭ್ಯಾಸವಿಲ್ಲದವರು ಈ ಹಂತವನ್ನು ಗಾಡಿ ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ಓದಿಕೊಂಡಿದ್ದರೆ ಅವರು ಸರಿಯಾಗಿ ಮಾಡುತ್ತಿದ್ದಾರಾ ಅಂತಲಾದರೂ ಗೊತ್ತಾಗುತ್ತದೆ.

1. ಜಾಗ ಗುರುತಿಸಿ. ಹೊರಗಿನ ಕರೆಂಟ್ ಒಳಗೆ ಬರುವ ಕೇಬಲ್ ಮೊದಲು ಟ್ರಾನ್ಸ್‌ಫರ್ ಸ್ವಿಚ್‌ಗೆ ಹೋಗುತ್ತದೆ. ಹೊರಗಿನ ಕರೆಂಟ್ ಮತ್ತು ಜನರೇಟರ್ ನಡುವೆ ಬದಲಾಯಿಸುವ ಪೆಟ್ಟಿಗೆ ಅದು. ಸಾಧನವನ್ನು ಅದಕ್ಕಿಂತ ಮುಂಚೆ ಹಾಕಿದರೆ ಆ ಸ್ವಿಚ್‌ಗೂ ರಕ್ಷಣೆ ಸಿಗುತ್ತದೆ, ಆದರೆ ಜನರೇಟರ್ ಕರೆಂಟ್ ಇದರ ಮೂಲಕ ಬರುವುದಿಲ್ಲ. ನಂತರ ಹಾಕಿದರೆ ಜನರೇಟರ್‌ಗೂ ಕಾವಲು ಸಿಗುತ್ತದೆ, ಸ್ವಿಚ್ ಮಾತ್ರ ಹೊರಗುಳಿಯುತ್ತದೆ. ಪೆಡೆಸ್ಟಲ್ ಕರೆಂಟೇ ಹೆಚ್ಚು ಬಳಸುವವರಿಗೆ ಮೊದಲಿನದು ಒಳ್ಳೆಯದು. ಎಲ್ಲೇ ಇದ್ದರೂ ಇನ್ವರ್ಟರ್‌ಗಿಂತ ಮುಂಚೆಯೇ ಇರಬೇಕು. ಒಣ ಜಾಗ, ಸುತ್ತ ಗಾಳಿ ಆಡುವಷ್ಟು ಖಾಲಿ, ಮುಚ್ಚಳ ತೆಗೆಯಲು ಕೈ ಹೋಗುವಂತಿರಬೇಕು. ಗ್ಯಾಸ್ ಸಿಲಿಂಡರ್ ಇಡುವ ಖಾನೆಯಲ್ಲಿ ಬೇಡ.

2. ಎಲ್ಲ ಕರೆಂಟ್ ಕಡಿಯಿರಿ. ಹೊರಗಿನ ಪ್ಲಗ್ ತೆಗೆದರೆ ಸಾಲದು. ಜನರೇಟರ್ ಆಫ್ ಮಾಡಿ, ಬ್ಯಾಟರಿ ಇಳಿದಾಗ ತಾನಾಗಿ ಶುರುವಾಗುವ ಸೌಲಭ್ಯವಿದ್ದರೆ ಅದನ್ನೂ ಆಫ್ ಮಾಡಿ. ಇನ್ವರ್ಟರ್ ಆಫ್ ಮಾಡಿ. ಕೈ ಒಳಗಿರುವಾಗ ಜನರೇಟರ್ ತಾನೇ ಎದ್ದರೆ ಏನಾಗುತ್ತದೆ ಯೋಚಿಸಿ. ನಂತರ ಮೀಟರ್ ಹಾಕಿ ಸೊನ್ನೆ ಇದೆ ಅಂತ ನೋಡಿ. ಮೀಟರ್ ಕೆಲಸ ಮಾಡುತ್ತಿದೆಯಾ ಅಂತ ಬೇರೆ ಸಾಕೆಟ್‌ನಲ್ಲಿ ಮೊದಲೂ ಕೊನೆಗೂ ನೋಡಿ.

3. ಕತ್ತರಿಸುವ ಮೊದಲು ಫೋಟೋ ತೆಗೆದುಕೊಳ್ಳಿ. ಯಾವುದು ಹೊರಗಿನಿಂದ ಬರುವ ತುದಿ, ಯಾವುದು ಒಳಗೆ ಹೋಗುವ ತುದಿ ಅಂತ ಟೇಪ್ ಅಂಟಿಸಿ ಬರೆಯಿರಿ. ಕತ್ತರಿಸಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

4. ಸಾಧನವನ್ನು ಮೊದಲು ಗಟ್ಟಿಯಾಗಿ ಸ್ಕ್ರೂ ಹಾಕಿ ಕೂರಿಸಿ, ಆಮೇಲೆ ಕೇಬಲ್ ಕತ್ತರಿಸಿ. ಕತ್ತರಿಸಿ ಆಮೇಲೆ ಜಾಗ ಹುಡುಕಿದವರಿಗೆ ಕೇಬಲ್ ಎಂದೂ ಒಂದು ಗೇಣು ಕಡಿಮೆ ಬೀಳುತ್ತದೆ. ಗಾಡಿ ಕುಲುಕುತ್ತದೆ, ಆದ್ದರಿಂದ ಎರಡೂ ಕಡೆ ಸ್ವಲ್ಪ ಸಡಿಲ ಉಳಿಸಿ.

5. ಹೊರ ಸಿಪ್ಪೆ ಸುಲಿಯುವಾಗ ಒಳಗಿನ ವೈರ್‌ಗಳ ಇನ್ಸುಲೇಷನ್‌ಗೆ ಗೀರು ಬೀಳದಿರಲಿ. ಸಾಧನದ ಕೈಪಿಡಿಯಲ್ಲಿ ಎಷ್ಟು ಉದ್ದ ಸುಲಿಯಬೇಕು ಅಂತ ಇರುತ್ತದೆ. ತಾಮ್ರದ ಎಳೆಗಳು ಒಂದೂ ಕತ್ತರಿಸಬಾರದು, ಒಂದೂ ಟರ್ಮಿನಲ್ ಹೊರಗೆ ಇಣುಕಬಾರದು.

6. ಕೇಬಲ್‌ಗಳನ್ನು ಕ್ಲ್ಯಾಂಪ್ ಮೂಲಕ ಒಳಗೆ ತನ್ನಿ. ಕ್ಲ್ಯಾಂಪ್ ಹಿಡಿಯಬೇಕಾದದ್ದು ಹೊರ ಸಿಪ್ಪೆಯನ್ನು, ಒಳಗಿನ ಬಿಡಿ ವೈರ್‌ಗಳನ್ನಲ್ಲ.

7. ಹೊರಗಿನಿಂದ ಬರುವ ತುದಿ ಇನ್‌ಪುಟ್‌ಗೆ, ಗಾಡಿಗೆ ಹೋಗುವ ತುದಿ ಔಟ್‌ಪುಟ್‌ಗೆ. ಮೊದಲು ಹಸಿರು, ಅದು ಗ್ರೌಂಡ್. ನಂತರ ಬಿಳಿ, ನ್ಯೂಟ್ರಲ್. ಕೊನೆಗೆ ಕಪ್ಪು ಹಾಟ್, 50ರಲ್ಲಿ ಅದರ ಜೊತೆ ಕೆಂಪು. ಕೆಲವು ಮಾಡೆಲ್‌ಗಳಲ್ಲಿ ಆಂಪಿಯರ್ ಅಳೆಯಲು ಹಾಟ್ ವೈರನ್ನು ಒಂದು ಬಳೆಯಂಥ ಕಾಯಿಲ್ ಒಳಗಿಂದ ತೂರಿಸಬೇಕು. ಅದನ್ನು ಮರೆತರೆ ಡಿಸ್‌ಪ್ಲೇಯಲ್ಲಿ ಆಂಪಿಯರ್ ಸದಾ ಸೊನ್ನೆ.

8. ಕೈಪಿಡಿ ಹೇಳಿದ ಟಾರ್ಕ್‌ಗೆ ಸ್ಕ್ರೂ ಬಿಗಿ ಮಾಡಿ. ಪ್ರತಿ ವೈರನ್ನೂ ಎಳೆದು ನೋಡಿ. ಅಲ್ಲಾಡಿದರೆ ಬಿಚ್ಚಿ ಮತ್ತೆ ಹಾಕಿ.

ಇಲ್ಲಿ ಒಂದು ದೊಡ್ಡ ತಪ್ಪಿನ ಬಗ್ಗೆ ಹೇಳಲೇಬೇಕು. ಮನೆಯ ಮುಖ್ಯ ಪ್ಯಾನೆಲ್‌ನಲ್ಲಿ ನ್ಯೂಟ್ರಲ್ ಮತ್ತು ಗ್ರೌಂಡ್ ಒಟ್ಟಿಗೆ ಸೇರಿರುತ್ತವೆ. ಅದನ್ನು ನೋಡಿದವರು ಗಾಡಿಯಲ್ಲೂ ಎರಡನ್ನು ಸೇರಿಸಿಬಿಡುತ್ತಾರೆ. ಗಾಡಿಯೊಳಗೆ ಅವು ಸೇರಬಾರದು. ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನ 551ನೇ ಆರ್ಟಿಕಲ್ ಕೂಡ ಇದನ್ನೇ ಹೇಳುತ್ತದೆ. ಸೇರಿಸಿದರೆ ವಾಪಸ್ ಹೋಗುವ ಕರೆಂಟ್ ಗಾಡಿಯ ಲೋಹದ ಮೈ ಮೇಲೂ ಹರಿಯುತ್ತದೆ.

ರಿಮೋಟ್ ಡಿಸ್‌ಪ್ಲೇ ಇದ್ದರೆ ಅದರ ತಂತಿ ಚೂಪಾದ ಲೋಹದ ಅಂಚಿಗೆ ಉಜ್ಜದಂತೆ ಎಳೆಯಿರಿ. ಅಷ್ಟೇ.

ಹಂತ 6: ಮೊದಲ ಸಲ ಕರೆಂಟ್ ಕೊಡುವುದು

ಮುಚ್ಚಳ ಹಾಕಿ. ಗಾಡಿಯೊಳಗಿನ ಮುಖ್ಯ ಬ್ರೇಕರ್ ಆಫ್ ಇರಲಿ. ಹೊರಗಿನ ಕರೆಂಟ್ ಕೊಟ್ಟು ರಿಲೇ ಸದ್ದಿಗೆ ಕಾಯಿರಿ, ಡಿಸ್‌ಪ್ಲೇ ಓದಿ. ಸರಿಯಿದ್ದರೆ ಮುಖ್ಯ ಬ್ರೇಕರ್ ಆನ್, ನಂತರ ಉಳಿದವು ಒಂದೊಂದಾಗಿ. ಟೆಸ್ಟರ್ ಪೆನ್ನನ್ನು ಗಾಡಿಯ ಲೋಹದ ಮೆಟ್ಟಿಲ ಹತ್ತಿರ ಹಿಡಿದು ನೋಡುವುದನ್ನು ಮರೆಯಬೇಡಿ. ಮೊದಲ ಪ್ರಯಾಣ ಮುಗಿದ ಮೇಲೆ ಎಲ್ಲ ಕರೆಂಟ್ ಕಡಿದು ಮುಚ್ಚಳ ತೆಗೆಯಿರಿ. ವೈರ್ ಬಣ್ಣ ಬದಲಾಗಿದೆಯಾ, ಏನಾದರೂ ಸಡಿಲವಾಗಿದೆಯಾ ನೋಡಿ.

ಎರರ್ ಬಂದರೆ

ಈಗ ನನ್ನ ಕಥೆ. ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕರೆಂಟ್ ಹೋಯಿತು, ಎರಡು ನಿಮಿಷಕ್ಕೆ ಬಂತು, ಮತ್ತೆ ಹೋಯಿತು. ಐದಾರು ಸಲ ಹೀಗೇ ಆಯಿತು. ಪಕ್ಕದ ಗಾಡಿಗಳಲ್ಲಿ ಎಸಿ ಓಡುತ್ತಲೇ ಇತ್ತು. ಸೆಕೆಗೆ ತಲೆ ಕೆಟ್ಟು, ಸಾಧನದ ಕಾವಲು ತಪ್ಪಿಸಿ ಕರೆಂಟನ್ನು ನೇರವಾಗಿ ಒಳಗೆ ಬಿಡುವ ಬೈಪಾಸ್ ಸ್ವಿಚ್ ಒತ್ತಿಬಿಟ್ಟೆ. ತಣ್ಣಗೆ ನಿದ್ದೆ ಮಾಡಿದೆ. ಆ ಬೇಸಿಗೆ ಮುಗಿಯುವ ಮೊದಲು ಕಂಪ್ರೆಸರ್ ಹೋಯಿತು. ಅವತ್ತು ಡಿಸ್‌ಪ್ಲೇ ತೋರಿಸುತ್ತಿದ್ದದ್ದು 101. ಓದಿದ್ದೆ, ನಂಬಿರಲಿಲ್ಲ.

ಬೈಪಾಸ್ ಸ್ವಿಚ್ ಇರುವುದು ಸಾಧನದ ಒಳಗಿನ ಎಲೆಕ್ಟ್ರಾನಿಕ್ ಭಾಗ ಕೆಟ್ಟಾಗ, ಪೆಡೆಸ್ಟಲ್ ಸರಿಯಿದೆ ಅಂತ ಮೀಟರ್‌ನಲ್ಲಿ ಅಳೆದು ಖಚಿತವಾದಾಗ ಮಾತ್ರ ಬಳಸಲು.

ಎರರ್ ಕೋಡ್‌ಗಳು ಕಂಪನಿಗೊಂದು ಥರ ಇರುತ್ತವೆ. ಉದಾಹರಣೆಗೆ ಪ್ರೋಗ್ರೆಸಿವ್‌ನಲ್ಲಿ ಇ1 ಎಂದರೆ ಪೊಲಾರಿಟಿ ಅದಲುಬದಲು, ಇ2 ಎಂದರೆ ಗ್ರೌಂಡ್ ಇಲ್ಲ, ಇ3 ಮತ್ತು ಇ4 ಮೊದಲ ಲೈನ್‌ನ ವೋಲ್ಟೇಜ್ ಹೆಚ್ಚು ಮತ್ತು ಕಡಿಮೆ, ಇ10 ಎಂದರೆ ಸರ್ಜ್ ಭಾಗ ಬದಲಾಯಿಸಬೇಕು. ನಿಮ್ಮ ಸಾಧನದ ಪಟ್ಟಿಯನ್ನು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿಡಿ.

ಲೋ ವೋಲ್ಟೇಜ್ ಬಂದರೆ ಲೋಡ್ ಇಳಿಸಿ: ವಾಟರ್ ಹೀಟರ್ ಗ್ಯಾಸ್‌ಗೆ ಹಾಕಿ, ಸಂಜೆವರೆಗೆ ಕಾಯಿರಿ, ಅಥವಾ ಬೇರೆ ಜಾಗ ಕೇಳಿ. ಸಾಧನ ಕಡಿಮೆ ವೋಲ್ಟೇಜನ್ನು ಏರಿಸುವುದಿಲ್ಲ. ಪೊಲಾರಿಟಿ, ಗ್ರೌಂಡ್, ನ್ಯೂಟ್ರಲ್ ತಪ್ಪುಗಳಿಗೆ ನೀವು ಮಾಡಬಹುದಾದದ್ದು ಏನೂ ಇಲ್ಲ. ಪೆಡೆಸ್ಟಲ್ ಬಿಚ್ಚಲು ಹೋಗಬೇಡಿ, ಆಫೀಸಿಗೆ ಹೇಳಿ ಜಾಗ ಬದಲಾಯಿಸಿ.

ಅಡಾಪ್ಟರ್ ಮತ್ತು ಜನರೇಟರ್

50ರ ಗಾಡಿಯನ್ನು 30ರ ಪೆಡೆಸ್ಟಲ್‌ಗೆ ಹಾಕುವಾಗ ಕ್ರಮ ಹೀಗೆ: ಪೆಡೆಸ್ಟಲ್, ಅಡಾಪ್ಟರ್, 50ರ ಸಾಧನ, ಗಾಡಿಯ ಕೇಬಲ್. ಆಗ ಎರಡೂ ಲೈನ್‌ಗಳಿಗೆ ಒಂದೇ ಕಡೆಯಿಂದ ಕರೆಂಟ್ ಹೋಗುವುದರಿಂದ ಎರಡೂ ಒಂದೇ ವೋಲ್ಟೇಜ್ ತೋರಿಸುತ್ತವೆ, ಅದು ಸರಿ. ಒಟ್ಟು ಬಳಕೆ ಮಾತ್ರ 30 ಆಂಪಿಯರ್ ಮೀರಬಾರದು.

ಕೈಯಲ್ಲಿ ಒಯ್ಯುವ ಜನರೇಟರ್‌ಗೆ ಜೋಡಿಸಿದಾಗ "ಗ್ರೌಂಡ್ ಇಲ್ಲ" ಅಂತ ಬಂದರೆ ಅದು ಬೇರೆ ವಿಷಯ. ಇಂಥ ಎಷ್ಟೋ ಜನರೇಟರ್‌ಗಳಲ್ಲಿ ನ್ಯೂಟ್ರಲ್ ಮತ್ತು ಗ್ರೌಂಡ್ ಸೇರಿರುವುದಿಲ್ಲ, ಸಾಧನಕ್ಕೆ ಅದು ಗ್ರೌಂಡ್ ಇಲ್ಲದ ಹಾಗೆ ಕಾಣುತ್ತದೆ. ನ್ಯೂಟ್ರಲ್ ಮತ್ತು ಗ್ರೌಂಡ್ ಸೇರಿಸುವ ಬಾಂಡಿಂಗ್ ಪ್ಲಗ್ ಅಂತ ಸಿಗುತ್ತದೆ. ಜನರೇಟರ್ ಕೈಪಿಡಿ ಒಪ್ಪಿದರೆ ಅದರ ಖಾಲಿ ಸಾಕೆಟ್‌ಗೆ ಹಾಕಿ. ಆ ಪ್ಲಗ್‌ಗೆ ಕೆಂಪು ಟೇಪ್ ಸುತ್ತಿ ಜನರೇಟರ್ ಜೊತೆಯಲ್ಲೇ ಇಡಿ. ಪೆಡೆಸ್ಟಲ್‌ಗಾಗಲಿ ಗಾಡಿಯ ಸಾಕೆಟ್‌ಗಾಗಲಿ ಅದನ್ನು ಎಂದೂ ಹಾಕಬಾರದು.

ಎಚ್ಚರಿಕೆಯ ಸೂಚನೆಗಳು

ಬಾಗಿಲು ಅಥವಾ ಮೆಟ್ಟಿಲು ಮುಟ್ಟಿದಾಗ ಜುಮ್ ಅಂದರೆ ಮಕ್ಕಳನ್ನು ದೂರ ಕಳಿಸಿ ಪೆಡೆಸ್ಟಲ್ ಬ್ರೇಕರ್ ಆಫ್ ಮಾಡಿ. ಇದರಲ್ಲಿ "ಸ್ವಲ್ಪ ಜುಮ್ ಅಂದಿತು ಅಷ್ಟೇ" ಅನ್ನುವುದು ಇಲ್ಲ. ಇವತ್ತು ಒಣ ಚಪ್ಪಲಿ ಇತ್ತು, ನಾಳೆ ಒದ್ದೆ ಕಾಲು ಇರುತ್ತದೆ.

ಒಂದು ಬದಿಯ ಲೈಟ್ ವಿಪರೀತ ಬೆಳಗಿ ಇನ್ನೊಂದು ಬದಿಯದು ಮಂಕಾದರೆ ನ್ಯೂಟ್ರಲ್ ಸಡಿಲವಾಗಿದೆ. ಸಾಧನ ಕಡಿಯಲಿ ಅಂತ ಕಾಯದೆ ನೀವೇ ಮುಖ್ಯ ಬ್ರೇಕರ್ ಆಫ್ ಮಾಡಿ. ಮೀನು ಕೊಳೆತಂಥ ವಾಸನೆ, ಪ್ಲಗ್ ಪಿನ್‌ನ ಬಣ್ಣ ಕಂದು ಆಗುವುದು, ಸಾಧನದೊಳಗಿಂದ ಗುಂಯ್‌ಗುಡುವ ಸದ್ದು, ಇವೆಲ್ಲ ಎಲ್ಲೋ ಪ್ಲಾಸ್ಟಿಕ್ ಕಾಯುತ್ತಿದೆ ಅಥವಾ ಜೋಡಣೆ ಸಡಿಲವಾಗಿದೆ ಅಂತ ಹೇಳುತ್ತವೆ. ಕಂದಾದ ಪಿನ್‌ನ ಪ್ಲಗ್ ತಿಕ್ಕಿ ಬಳಸಬೇಡಿ, ಬದಲಾಯಿಸಿ. ಸುಟ್ಟ ಪ್ಲಗ್ ಮುಂದಿನ ಸಾಕೆಟ್ಟನ್ನೂ ಸುಡುತ್ತದೆ.

ವೇರಿಸ್ಟರ್ ಪ್ರತಿ ದೊಡ್ಡ ಏಟಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಹೆಚ್ಚಿನ ಸಾಧನಗಳಲ್ಲಿ ಅದಕ್ಕೊಂದು ಲೈಟ್ ಅಥವಾ ಕೋಡ್ ಇರುತ್ತದೆ. ಆ ಲೈಟ್ ಆರಿದ ಮೇಲೂ ಕರೆಂಟ್ ಎಂದಿನಂತೆ ಬರುತ್ತಿರಬಹುದು, ಅದಕ್ಕೇ ಯಾರೂ ಗಮನಿಸುವುದಿಲ್ಲ. ಪ್ರತಿ ಸಲ ಸಿಕ್ಕಿಸಿದಾಗ ವೋಲ್ಟೇಜ್ ಜೊತೆಗೆ ಆ ಲೈಟನ್ನೂ ನೋಡಿ. ಜೋರು ಗುಡುಗಿನ ರಾತ್ರಿ ಕಳೆದ ಮೇಲಂತೂ ಮೊದಲು ಅದನ್ನೇ ನೋಡಿ.

ಹೊರಡುವ ದಿನ ಕ್ರಮ ತಿರುಗಾ: ಒಳಗಿನ ಲೋಡ್ ಆಫ್, ಪೆಡೆಸ್ಟಲ್ ಬ್ರೇಕರ್ ಆಫ್, ನಂತರ ಪ್ಲಗ್. ತೆಗೆದ ತಕ್ಷಣ ಪಿನ್‌ಗಳನ್ನೊಮ್ಮೆ ನೋಡಿ, ಒಣ ಬಟ್ಟೆಯಲ್ಲಿ ಒರೆಸಿ, ಸಾಧನವನ್ನು ಕೇಬಲ್ ಜೊತೆಗೇ ಒಳಗಿಡಿ. ಪೆಡೆಸ್ಟಲ್‌ನಲ್ಲೇ ಅದನ್ನು ಮರೆತು ನೂರಾರು ಮೈಲಿ ಹೋದವರು ಬೇಕಾದಷ್ಟು ಜನ ಇದ್ದಾರೆ.